ಮೊಗ್ಲಿಂಗರನ್ನು ಕೊಂಡಾಡುವುದು ಸರಿಯೇ?

ಪ್ರತಿ ಜುಲೈ 1ರ ಪತ್ರಿಕಾ ದಿನಾಚರಣೆ ಹತ್ತಿರವಾದಂತೆ ಮಂಗಳೂರಿನಲ್ಲಿ ಯಾರಾದರೊಬ್ಬರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಬಂದದ್ದು ಮತಪ್ರಚಾರಕ್ಕಲ್ಲವೇ, ಹಾಗಿರುವಾಗ ಅವರನ್ನು ಕನ್ನಡದ ಸೇವಕರೆಂದು ಹೊಗಳುವುದೇಕೆ?

ಮತಪ್ರಚಾರಕ್ಕೇ ಬಂದರು, ಅದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿ, 1836ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮತಪ್ರಚಾರ ಸಂಸ್ಥೆಯ ಪಾದ್ರಿಯಾಗಿ ಮಂಗಳೂರಿಗೆ ಬಂದವರು ಅವರು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಅವರ ಪ್ರಭಾವದಿಂದ ಕ್ರೈಸ್ತರಾದಾಗ ಊರಿಗೆ ಊರೇ ಕೆರಳಿತ್ತು. ಹಿಂದೂ ದೇವತಾಕಲ್ಪನೆಯನ್ನೂ ಜಾತಿಪದ್ಧತಿಯನ್ನೂ ಟೀಕಿಸುವ ಅವರ ಕಿರುಹೊತ್ತಗೆಗಳನ್ನು ಇಂದು ಓದಿದರೆ ಹಲವರಿಗೆ ಕಸಿವಿಸಿಯಾದೀತು, ನನಗೂ ಆಗಿದೆ.

ಆದರೆ ಅವರ ಕನ್ನಡದ ಕೆಲಸ ಈ ಉದ್ದೇಶದಿಂದ ಬೇರೆಯಾದದ್ದಲ್ಲ, ಅದರಿಂದಲೇ ಹುಟ್ಟಿದ್ದು ಎಂಬುದನ್ನು ಹೊಗಳುವವರೂ ತೆಗಳುವವರೂ ಮರೆಯುತ್ತಾರೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಮಂಗಳೂರಿನ ಜರ್ಮನ್ ಪಾದ್ರಿಗಳಿಗೆ ಅದರ ಭಾಷೆ ಸಾಲದೆನಿಸಿದ್ದರಿಂದ, ಮೊಗ್ಲಿಂಗರ ಬಂಧುವೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಅದರ ಪರಿಷ್ಕರಣೆಗೆ ತಮ್ಮ ಆರೋಗ್ಯವನ್ನೇ ತೆತ್ತು ದುಡಿದು, ನಲವತ್ತು ತುಂಬುವ ಮೊದಲೇ, 1855ರಲ್ಲಿ, ಇದೇ ಊರಿನಲ್ಲಿ ತೀರಿಕೊಂಡರು. ಕನ್ನಡಿಗರ ಮನಸ್ಸಿಗೆ ತಟ್ಟುವಂತೆ ಬೈಬಲನ್ನು ಹೇಳಬೇಕಾದರೆ ಕನ್ನಡಿಗರು ಏನನ್ನು ಓದಿ, ಹಾಡಿ, ಕೇಳಿ ಬೆಳೆದಿದ್ದಾರೆಂದು ಮೊದಲು ತಿಳಿಯಬೇಕು, ತಿಳಿಯಲು ಓಲೆಗರಿಗಳನ್ನು ಹುಡುಕಬೇಕು. ಹಳೆಯ ಕನ್ನಡ ಕೃತಿಗಳನ್ನು ಅವರು ಅಚ್ಚು ಹಾಕಿಸಿದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯನ್ನು ನಾನು ಅರ್ಥಮಾಡಿಕೊಳ್ಳುವುದು ಹೀಗೆ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ 1848ರಿಂದ 1853ರವರೆಗೆ ಕಲ್ಲಚ್ಚಿನಲ್ಲಿ ಹೊರಬಂದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳು ಮಾತ್ರವಲ್ಲ, ನಮ್ಮ ಕರಾವಳಿಯವರಿಗೆ ವಿಶೇಷವಾಗಿ ಹಿತವೆನಿಸುವಂತೆ, ಒಂದು ಯಕ್ಷಗಾನ ಪ್ರಸಂಗವೂ ಸೇರಿತ್ತು. ಶಿವಶರಣರ, ಹರಿದಾಸರ ಕೃತಿಗಳನ್ನು ಪಾದ್ರಿಯೊಬ್ಬರು ಅಚ್ಚು ಹಾಕಿಸಿದ್ದು ಮಿಷನ್ನಿನೊಳಗೆ ಎಲ್ಲರಿಗೂ ರುಚಿಸಿರಲಾರದೆಂದು ಊಹಿಸಬಲ್ಲೆ. ಟ್ಯೂಬಿಂಗನ್ ವಿಶ್ವವಿದ್ಯಾಲಯವಂತೂ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

1843ರ ಜುಲೈ 1ರಂದು ಅವರು ಹೊರಡಿಸಿದ ಆ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ ಸಾಕ್ಷ್ಯವಿರುವುದು ಅವರ ಕೊನೆಯ ವರ್ಷಗಳಲ್ಲಿ. 1860ರಲ್ಲಿ ಜರ್ಮನಿಗೆ ಮರಳಿದ ಮೇಲೆ ಕನ್ನಡದಲ್ಲಿ ಮತ ಬೋಧಿಸುವ ಸಂದರ್ಭವೇ ಅವರಿಗೆ ಉಳಿದಿರಲಿಲ್ಲ. ಆದರೂ ಅವರು ದಾಸರ ಪದಗಳನ್ನೂ ಲಕ್ಷ್ಮೀಶನ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ತಂದು ಅಲ್ಲಿನ ಪ್ರಾಚ್ಯವಿದ್ಯೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಿಂದ ಒಬ್ಬ ಕನ್ನಡಿಗನನ್ನೂ ಮತಾಂತರಿಸಲು ಸಾಧ್ಯವಿರಲಿಲ್ಲ. ಆದ್ದರಿಂದ ನನ್ನನ್ನು ಕೇಳಿದರೆ, ಕೊಂಡಾಡಬಹುದು ಎನ್ನುತ್ತೇನೆ, ಆ ಕಿರುಹೊತ್ತಗೆಗಳನ್ನೂ ಓದಿಕೊಂಡೇ.