ಗೆದ್ದ ಮೇಲೆ ಜನರನ್ನು ಮೈದಾನಕ್ಕೆ ಬಿಡುವುದಾ? ಮೊದಲು ಗೇಟು ಅಳೆಯಿರಿ

ಈ ಚರ್ಚೆ ಬಂದಾಗಲೆಲ್ಲ ಯಾರಾದರೊಬ್ಬರು ಲಾರ್ಡ್ಸ್‌ನಲ್ಲಿ ನಡೆದ 1983ರ ವಿಶ್ವಕಪ್ ಫೈನಲ್ ನೆನಪಿಸುತ್ತಾರೆ. ವೆಸ್ಟ್ ಇಂಡೀಸಿನ ಕೊನೆಯ ವಿಕೆಟ್ ಹೋಲ್ಡಿಂಗ್ ಎಲ್‌ಬಿಡಬ್ಲ್ಯು ಆದದ್ದೇ ತಡ, ಮೊಹಿಂದರ್ ಅಮರನಾಥ್ ಸ್ಟಂಪು ಕಿತ್ತುಕೊಂಡು ಪೆವಿಲಿಯನ್ ಕಡೆ ಓಟ, ಸುತ್ತಲಿಂದ ಜನವೋ ಜನ. ನೋಡಲು ಚೆಂದ, ನಿಜ. ಆದರೆ ಮೈದಾನದ ಬಂದೋಬಸ್ತು ನೋಡುವವರ ಕಣ್ಣಿಗೆ ಬೀಳುವುದು ಬೇರೆ: ಗೆದ್ದವರೇ ತಪ್ಪಿಸಿಕೊಂಡು ಓಡಬೇಕಾಯಿತು.

ಬಿಡುವುದೋ ಬೇಡವೋ ಎಂಬುದು ಪಂದ್ಯದ ದಿನ ಬೆಳಿಗ್ಗೆಯೇ ಇತ್ಯರ್ಥವಾಗಿರಬೇಕು. ಕೊನೆಯ ಓವರಿನಲ್ಲಿ ವಾಕಿಟಾಕಿ ಹಿಡಿದು ಕೇಳುವ ಪ್ರಶ್ನೆ ಅಲ್ಲ ಅದು. ಉತ್ತರ ಸಿಗುವುದು ಗೇಟಿನ ಅಗಲದಲ್ಲಿ.

ಲೆಕ್ಕ ಹೀಗೆ. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 82 ಜನ, ಮೆಟ್ಟಿಲಲ್ಲಿ 66 ಜನ ಎಂದು ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿ ಹಿಡಿಯುತ್ತದೆ. ಮೈದಾನದಿಂದ ಸ್ಟ್ಯಾಂಡಿಗೆ ಹತ್ತುವ 1.2 ಮೀಟರ್ ಅಗಲದ ನಾಲ್ಕು ಮೆಟ್ಟಿಲುದಾರಿ ಇದ್ದರೆ ನಿಮಿಷಕ್ಕೆ 317 ಜನ. 5,000 ಜನ ಒಳಗಿದ್ದರೆ ಪೂರ್ತಿ ಖಾಲಿಯಾಗಲು ಸುಮಾರು 16 ನಿಮಿಷ. ಅದೂ ಯಾರೂ ಫೋಟೋಗೆ ನಿಲ್ಲದೆ, ಎಲ್ಲರೂ ಒಟ್ಟಿಗೆ ಹೊರಟರೆ. ಆದರೆ ಬರುವಾಗ ಯಾರೂ ಮೆಟ್ಟಿಲು ಹುಡುಕುವುದಿಲ್ಲ, ಸುತ್ತಲಿಂದ ಜಾಹೀರಾತು ಬೋರ್ಡು ಹಾರಿ ಬರುತ್ತಾರೆ. ಬರಲು ಒಂದು ನಿಮಿಷ, ಹೋಗಲು ಹದಿನಾರು. ಈ ಕೆಲಸದ ತಲೆನೋವೆಲ್ಲ ಈ ಅಂತರದಲ್ಲಿದೆ.

"ಮೈದಾನ ಅಷ್ಟು ದೊಡ್ಡದಿದೆಯಲ್ಲ" ಎನ್ನುವವರಿಗೆ ಇನ್ನೊಂದು ಲೆಕ್ಕ. 65 ಮೀಟರ್ ಬೌಂಡರಿಯ ಮೈದಾನ ಅಂದರೆ 13,000 ಚದರ ಮೀಟರಿಗೂ ಹೆಚ್ಚು, 5,000 ಜನಕ್ಕೆ ಧಾರಾಳ. ಆದರೆ ಜನ ಹರಡಿಕೊಳ್ಳುವುದಿಲ್ಲ, ಕಪ್ ಇರುವ ಕಡೆಗೆ ನುಗ್ಗುತ್ತಾರೆ. ಅಷ್ಟೂ ಜನ 30 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗದಲ್ಲಿ ಸೇರಿದರೆ ಚದರ ಮೀಟರಿಗೆ ಐದೂವರೆ ಜನ. ಆ ದಟ್ಟಣೆಯಲ್ಲಿ ಬಗ್ಗಿ ಚಪ್ಪಲಿ ಎತ್ತಿಕೊಳ್ಳಲೂ ಆಗದು.

ಬೋರ್ಡು ಹಾರುವ ಜಾಗವೇ ಮೊದಲ ಗಾಯದ ಜಾಗ. ಎಲ್‌ಇಡಿ ಬೋರ್ಡಿನ ಹಿಂದೆ ಕರೆಂಟಿನ ಕೇಬಲ್ಲು, ಮುಂದೆ ಬೌಂಡರಿ ಹಗ್ಗದ ಮೆತ್ತೆ. ಹಾರಿದವನ ಕಾಲು ಉಳುಕಿ ಬಿದ್ದರೆ ಹಿಂದಿನವನಿಗೆ ಅವನು ಕಾಣುವುದೇ ಇಲ್ಲ. ಜನರನ್ನು ಬಿಡುವುದು ನಿಶ್ಚಯವಾಗಿದ್ದರೆ ಗೇಟಿನ ಎದುರಿನ ಬೋರ್ಡುಗಳನ್ನು ಮೊದಲೇ ಸರಿಸಿ, ಮೈನ್ ಸ್ವಿಚ್ ಆಫ್ ಮಾಡಿ, ಆಮೇಲೆ ಗೇಟು ತೆಗೆಯಬೇಕು.

ಆಟ ಮುಗಿಯುವ ಮೊದಲೇ ನುಗ್ಗುವುದು ಇನ್ನೊಂದು ಅಪಾಯ. 2001ರ ಜೂನ್‌ನಲ್ಲಿ ಹೆಡಿಂಗ್ಲೆಯಲ್ಲಿ ಪಾಕಿಸ್ತಾನಕ್ಕೆ ಗೆಲ್ಲಲು ಇನ್ನು ಕೆಲವೇ ರನ್ ಬೇಕಿದ್ದಾಗ ಜನ ಒಳನುಗ್ಗಿದರು. ಭದ್ರತಾ ಸಿಬ್ಬಂದಿಯೊಬ್ಬರು ಗಾಯಗೊಂಡರು, ಇಂಗ್ಲೆಂಡ್ ಪಂದ್ಯ ಬಿಟ್ಟುಕೊಟ್ಟಿತು. ಅದಕ್ಕೇ ಕೊನೆಯ ಐದು ಓವರಿನಲ್ಲಿ ಬೌಂಡರಿಯ ಸಿಬ್ಬಂದಿ ಆಟಕ್ಕೆ ಬೆನ್ನು ಹಾಕಿ ಸ್ಟ್ಯಾಂಡ್ ನೋಡುತ್ತಿರಬೇಕು. ಹೇಳುವುದು ಸುಲಭ. ಗೆಲ್ಲುವ ಸಿಕ್ಸರ್‌ಗೆ ತಿರುಗಿ ನೋಡದ ಸಿಬ್ಬಂದಿ ಸಿಗುವುದು ಅಪರೂಪ, ಪುಣ್ಯಕ್ಕೆ ಸಿಕ್ಕರೆ ಅವರನ್ನೇ ಪ್ರತಿ ಸಲ ಕರೆಯಿರಿ.

ಹಾಗಾದರೆ ಎತ್ತರದ ಬೇಲಿ ಹಾಕಿಬಿಡೋಣ ಎಂದರೆ ಅದು ಇನ್ನೂ ಕೆಟ್ಟದ್ದು. 1989ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಜನ ಬೇಲಿಗೇ ಒತ್ತಿಹೋದರು, 97 ಜೀವ ಹೋಯಿತು. ಸ್ಟ್ಯಾಂಡಿನಲ್ಲಿ ಬೆಂಕಿ ಹೊತ್ತಿದರೆ, ನೂಕುನುಗ್ಗಲಾದರೆ ಮೈದಾನವೇ ಆಸರೆ. ಆದ್ದರಿಂದ ಗೇಟು ಮೈದಾನದ ಕಡೆಗೇ ತೆರೆದುಕೊಳ್ಳಬೇಕು, ಜನ ಇರುವಷ್ಟು ಹೊತ್ತೂ ಬೀಗ ಹಾಕಬಾರದು, ಪ್ರತಿ ಗೇಟಿಗೂ ಒಬ್ಬ ಮನುಷ್ಯ ಇರಬೇಕು.

ಒಳಗೆ ಬಂದವರನ್ನು ಬಲಪ್ರಯೋಗದಿಂದ ಹಿಂದಟ್ಟುವುದಂತೂ ಕೂಡದು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೋತ ತಂಡದ ಅಭಿಮಾನಿಗಳು ಮೈದಾನಕ್ಕಿಳಿದಾಗ ಪೊಲೀಸರು ಅಶ್ರುವಾಯು ಸಿಡಿಸಿದರು. ಜನ ಹೊರಬಾಗಿಲುಗಳಲ್ಲಿ ಸಿಕ್ಕಿಕೊಂಡರು, 135 ಮಂದಿ ಸತ್ತರು. ಮೈದಾನದಂಚಿನಲ್ಲಿ ಅಶ್ರುವಾಯು ಇಟ್ಟುಕೊಳ್ಳಬಾರದೆಂದು ಫಿಫಾ ನಿಯಮದಲ್ಲೇ ಇದೆ. ಗೇಟು ಅಂದರೆ ಏನೆಂದು ಬೆಂಗಳೂರಿಗೂ ಗೊತ್ತು: 2025ರ ಜೂನ್ 4ರಂದು ಚಿನ್ನಸ್ವಾಮಿಯಲ್ಲಿ 11 ಜನ ಸತ್ತದ್ದು ಮೈದಾನದೊಳಗಲ್ಲ, ಕ್ರೀಡಾಂಗಣದ ಗೇಟುಗಳ ಹೊರಗೆ.

ಬಿಡುವುದಾದರೆ ಕ್ರಮ ಹೀಗಿರಲಿ. ಮೊದಲು ಆಟಗಾರರು, ಅಂಪೈರುಗಳು ಒಳಗೆ ಹೋಗಬೇಕು. ಬಹುಮಾನ ಕೊಟ್ಟು ಮುಗಿದಿರಬೇಕು. ಸ್ಟಂಪು, ಲೈಟು ಬೇಲ್ಸು, ಮೈಕು ಎತ್ತಿಡಬೇಕು. ಆಮೇಲೆ ಪಿಚ್‌ಗಳ ಸುತ್ತ ಹಗ್ಗ. ಪಕ್ಕಪಕ್ಕದಲ್ಲಿ ಹತ್ತು ಪಿಚ್ ಇರುವ ಕಡೆ ಸುತ್ತಲೂ ಮೂರು ಮೀಟರ್ ಬಿಟ್ಟು ಕಟ್ಟಿದರೆ ಸುಮಾರು 125 ಮೀಟರ್ ಹಗ್ಗ, ಮೂರು ಮೀಟರಿಗೊಂದರಂತೆ 42 ಗೂಟ ಬೇಕು. ಕಬ್ಬಿಣದ ಗೂಟ ಬೇಡ, ಯಾರಾದರೂ ಬಿದ್ದರೆ ಹೊಟ್ಟೆಗೆ ಚುಚ್ಚುತ್ತದೆ.

ಪಿಚ್ ಹಾಳಾಗುತ್ತದೆಂಬ ದೂರು ಅರ್ಧ ಮಾತ್ರ ನಿಜ. ಆಡಿ ಮುಗಿಸಿದ ಪಿಚ್ ಒಣಗಿ ಕಲ್ಲಾಗಿರುತ್ತದೆ, ಶೂ ಕಾಲಿಗೆ ಅದು ಜಗ್ಗುವುದಿಲ್ಲ. ಭಯವಿರುವುದು ಮುಂದಿನ ಪಂದ್ಯಕ್ಕೆಂದು ನೀರು ಹಾಯಿಸಿ ರೋಲರ್ ಹೊಡೆಯುತ್ತಿರುವ ಪಕ್ಕದ ಪಿಚ್ ಬಗ್ಗೆ. ಹಸಿ ಜೇಡಿಮಣ್ಣಿನಲ್ಲಿ ಹಿಮ್ಮಡಿ ಇಳಿದರೆ ಆ ಗುಳಿ ಒಣಗಿ ಹಾಗೇ ಉಳಿಯುತ್ತದೆ, ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ ಬರುತ್ತದೆ. ನೆನಪಿಗೆಂದು ಮಣ್ಣು ಕೆರೆದು ಕರ್ಚೀಫಿಗೆ ಕಟ್ಟಿಕೊಳ್ಳುವವರೂ ಇರುತ್ತಾರೆ, ಅವರಿಗೂ ಈ ಹಗ್ಗವೇ ಮದ್ದು.

ಸ್ಟ್ಯಾಂಡುಗಳನ್ನು ಒಂದೊಂದಾಗಿ, ಪೆವಿಲಿಯನ್‌ನಿಂದ ದೂರದವುಗಳಿಂದ ಶುರುಮಾಡಿ ತೆರೆಯಬೇಕು. ಬರುವ ಗೇಟು, ಹೋಗುವ ಗೇಟು ಬೇರೆ. ಗೇಟಿನವನ ಕೈಯಲ್ಲಿ ಎಣಿಸುವ ಕ್ಲಿಕ್ಕರ್. ಮೈಕಿನಲ್ಲಿ "ಯಾವ ಸ್ಟ್ಯಾಂಡು, ಯಾವ ಗೇಟು, ಎಷ್ಟು ಹೊತ್ತು" ಇಷ್ಟೇ, ಮೂರು ಸಲ. "ದಯವಿಟ್ಟು ಶಾಂತವಾಗಿರಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಐರ್ಲೆಂಡಿನ ದೇಸಿ ಆಟಗಳ ದೊಡ್ಡ ಕ್ರೀಡಾಂಗಣವಾದ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಫೈನಲ್ ಮುಗಿದರೆ ಜನ ಮೈದಾನ ತುಂಬುವುದು ಹಳೆಯ ರೂಢಿಯಾಗಿತ್ತು. 2010ರಲ್ಲಿ ಅದನ್ನು ನಿಲ್ಲಿಸಿ, ಗೆದ್ದ ತಂಡವೇ ಕಪ್ ಹಿಡಿದು ಸುತ್ತು ಬರುವಂತೆ ಮಾಡಿದರು. ಜನರಿಗೆ ಬೇಕಾದ್ದು ಹುಲ್ಲಲ್ಲ, ಕಪ್ ಹತ್ತಿರದಿಂದ ಕಾಣಬೇಕು ಅಷ್ಟೇ. ಮೆಟ್ಟಿಲು ಸಾಲದ ಮೈದಾನಗಳಿಗೆ ಈ ಉಪಾಯವೇ ಸರಿ.

ಜನ ಹೋದ ಮೇಲೆ ಹುಲ್ಲಿನ ಯಂತ್ರ ತರುವ ಆತುರ ಬೇಡ. ಹತ್ತು ಮಂದಿ ಒಂದೊಂದು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ನೆಲ ನೋಡುತ್ತಾ ನಡೆಯಬೇಕು. ನಾಣ್ಯ, ಬಾಟಲಿ ಮುಚ್ಚಳ, ಕಿವಿಯೋಲೆ, ಬಾವುಟದ ಕಡ್ಡಿ ಎಲ್ಲ ಸಿಗುತ್ತವೆ. ಆಯಸ್ಕಾಂತದ ಪಟ್ಟಿ ಎಳೆದರೆ ಪಿನ್ನು, ಮೊಳೆ ಬರುತ್ತವೆ, ಗಾಜು ಬರುವುದಿಲ್ಲ. ಅದಕ್ಕೆ ಸಂಜೆಯ ಓರೆ ಬೆಳಕಿನಲ್ಲಿ ಇನ್ನೊಂದು ಸುತ್ತು.