ಇಳಕಲ್ಲಿನ ಸೀರೆ ಅಂಗಡಿಗೊಂದು ಇಮೇಲ್ ವಿಳಾಸ: ಎಂಟು ರವಿವಾರಗಳ ಟಿಪ್ಪಣಿ

ಮೊದಲ ರವಿವಾರ

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಕಂಪ್ಯೂಟರ್ ನನ್ನ ವೃತ್ತಿಯಲ್ಲ, ರವಿವಾರದ ಹುಚ್ಚು. ಆ ಹುಚ್ಚಿಗೆ ಈ ಸಲ ಕೆಲಸ ಕೊಟ್ಟವರು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುವ ನಮ್ಮ ಕಾಕಾ. ಅವರ ಅಂಗಡಿಯ ಪತ್ರವ್ಯವಹಾರವೆಲ್ಲ ಆರು ವರ್ಷಗಳಿಂದ ಒಂದು ಉಚಿತ ಜೀಮೇಲ್ ಖಾತೆಯಲ್ಲಿ ನಡೆಯುತ್ತಿತ್ತು. ಆ ಖಾತೆಯನ್ನು ತೆರೆದುಕೊಟ್ಟವನು ಲೆಕ್ಕ ಬರೆಯುತ್ತಿದ್ದ ಹುಡುಗ. ಅದಕ್ಕೆ ಜೋಡಿಸಿದ್ದ ಫೋನ್ ನಂಬರೂ ಅವನದೇ. ಹುಡುಗ ಮದುವೆಯಾಗಿ ಹುಬ್ಬಳ್ಳಿಗೆ ಹೋದ, ನಂಬರ್ ಬದಲಿಸಿದ. ಅಂಗಡಿಯ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದ ದಿನ, ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ, ಕೋಡ್ ಮಾತ್ರ ಯಾರ ಕೈಯಲ್ಲೂ ಇಲ್ಲದ ಆ ನಂಬರಿಗೇ ಹೋಗತೊಡಗಿತು.

ಹುಡುಗನನ್ನು ಹುಡುಕಿ, ಅವನ ಹಳೆಯ ಫೋನನ್ನು ತೆಗೆಸಿ, ಖಾತೆಯೊಳಗೆ ಕಾಲಿಡಲು ಹನ್ನೊಂದು ದಿನ ಹಿಡಿಯಿತು. ಒಳಗೆ ಸೊಲ್ಲಾಪುರದ ವ್ಯಾಪಾರಿಯೊಬ್ಬರು ನಲವತ್ತು ಸೀರೆ ಕೇಳಿ ಬರೆದ ಪತ್ರವಿತ್ತು, ಅದರ ಬೆನ್ನಿಗೆ ಎರಡು ನೆನಪೋಲೆಗಳಿದ್ದವು, ಕೊನೆಗೆ ಬೇರೆ ಕಡೆ ನೋಡಿಕೊಂಡೆವೆಂಬ ಒಂದು ಸಾಲಿತ್ತು. ಹುಡುಗನನ್ನು ಬೈದು ಪ್ರಯೋಜನವಿಲ್ಲ; ಆರು ವರ್ಷ ಯಾರೂ ಕೇಳದಿದ್ದುದನ್ನು ಅವನೇಕೆ ಹೇಳಬೇಕಿತ್ತು?

"ವಾಟ್ಸ್‌ಆ್ಯಪ್ ಐತಲ್ಲೋ ತಮ್ಮಾ, ಇದೆಲ್ಲಾ ಯಾಕ ಬೇಕು?" ಎಂದರು ಕಾಕಾ. ಬಣ್ಣ ತೋರಿಸಲು, ಚೌಕಾಸಿ ಮಾಡಲು ವಾಟ್ಸ್‌ಆ್ಯಪ್ ಸಾಕೆಂಬುದು ನಿಜ. ಆದರೆ ದೊಡ್ಡ ಅಂಗಡಿಗಳ ಖರೀದಿ ಪತ್ರ, ವಸ್ತುಪ್ರದರ್ಶನಗಳ ಅರ್ಜಿಗೆ ಬರುವ ಉತ್ತರ, ಬ್ಯಾಂಕಿನ ಕಾಗದ, ಜಿಎಸ್‌ಟಿ ಸೂಚನೆ ಎಲ್ಲವೂ ಇಮೇಲಿಗೇ ಬರುತ್ತವೆ. ಮೂರು ವರ್ಷದ ಹಿಂದಿನ ದರವನ್ನು ಯಾರಾದರೂ ಎತ್ತಿ ಆಡಿದರೆ ಹುಡುಕಿ ತೆಗೆಯಲು ಸಿಗುವುದೂ ಅಲ್ಲಿಯೇ.

ಎರಡನೆಯ ರವಿವಾರ

ಯಾವ ಸೇವೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಮೊದಲು ಅಂಗಡಿಯ ಹೆಸರಿನಲ್ಲೇ ಒಂದು ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು, ಕೊಳ್ಳಬೇಕೆಂದು ಹಟ ಹಿಡಿದೆ. ಡೊಮೇನ್ ನಮ್ಮದಾಗಿದ್ದರೆ, ಅದಕ್ಕೆ ಬರುವ ಪತ್ರಗಳನ್ನು ಇಂದು ಒಬ್ಬರ ಸರ್ವರಿಗೆ, ನಾಳೆ ಬೇಸರವಾದರೆ ಇನ್ನೊಬ್ಬರ ಸರ್ವರಿಗೆ ತಿರುಗಿಸಬಹುದು. ಗಿರಾಕಿಗಳು ಬರೆಯುವ ವಿಳಾಸ ಮಾತ್ರ ಬದಲಾಗುವುದಿಲ್ಲ. ಇದನ್ನು ಕಾಕಾ ಅವರಿಗೆ ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದಾಗ ಅವರೇ ಹೇಳಿದರು: "ಅಂದ್ರ ಒಡಲು ನಮ್ದು. ಸೆರಗು ಯಾವ್ದು ಬೇಕೋ ಅದಕ್ಕ ಕೊಂಡಿ ಹಾಕೂದು." ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸುತ್ತಿರಲಿಲ್ಲ.

ಹೆಸರು ಆಯುವುದೇ ಸೇವೆ ಆಯುವುದಕ್ಕಿಂತ ಕಷ್ಟವಾಯಿತು. ನಮ್ಮ ಊರಿನ ಹೆಸರನ್ನು ಕನ್ನಡದಲ್ಲೇ ಇಳಕಲ್ ಎಂದೂ ಇಲಕಲ್ ಎಂದೂ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರು ನಡುವೆ ಒಂದು 'ಎ' ಸೇರಿಸಿದರೆ ಇನ್ನೊಬ್ಬರು ಬಿಡುತ್ತಾರೆ. ಮರಾಠಿಯವರಿಗೆ ಇದು ಇರಕಲ್, ಮತ್ತು ನಮ್ಮ ಮಾಲಿನ ಬಹುಪಾಲು ಹೋಗುವುದು ಮಹಾರಾಷ್ಟ್ರಕ್ಕೇ. ಫೋನಿನಲ್ಲಿ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳಬೇಕು ಎಂಬ ಒಂದೇ ನಿಯಮವನ್ನಿಟ್ಟುಕೊಂಡು ಊರಿನ ಹೆಸರನ್ನೇ ಕೈಬಿಟ್ಟೆವು. ಅಜ್ಜಿಯ ಹೆಸರಿನ ಮುಂದೆ ಸೀರೆ ಎಂದು ಸೇರಿಸಿದ ಸಣ್ಣ ಹೆಸರು ನಿಂತಿತು. ಕೊನೆಗೆ ಡಾಟ್ ಇನ್. ಭಾರತದ ಈ ಡೊಮೇನನ್ನು ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ, ಮತ್ತು 2005ರಿಂದ ಅದು ಎಲ್ಲರಿಗೂ ಮುಕ್ತವಾಗಿದೆ. ಕನ್ನಡ ಲಿಪಿಯಲ್ಲೇ ವಿಳಾಸ ಮಾಡಿಕೊಳ್ಳುವ ಆಸೆ ನನಗಿತ್ತು. ಅಂಥ ವಿಳಾಸಗಳ ಜೊತೆ ಪತ್ರವ್ಯವಹಾರ ಮಾಡಲು ಜೀಮೇಲ್ 2014ರಲ್ಲೇ ಅನುವು ಮಾಡಿಕೊಟ್ಟಿದೆಯಾದರೂ, ಪುಣೆಯ ವ್ಯಾಪಾರಿ ಕನ್ನಡ ಅಕ್ಷರಗಳನ್ನು ಎಲ್ಲಿಂದ ಒತ್ತಬೇಕು ಎಂದು ವೈನಿ (ಅತ್ತಿಗೆ) ಕೇಳಿದ ಮೇಲೆ ಸುಮ್ಮನಾದೆ.

ಡೊಮೇನ್ ಕೊಳ್ಳುವಾಗ ಒಂದು ಎಚ್ಚರ ವಹಿಸಿದೆ. ಮಾರಾಟಗಾರನ ಬಳಿ ನೋಂದಾಯಿಸುವ ಇಮೇಲ್ ಅದೇ ಡೊಮೇನಿನದಾಗಿರಬಾರದು. ಅದರ ನವೀಕರಣ ತಪ್ಪಿ ಡೊಮೇನ್ ನಿಂತುಹೋದರೆ ಎಚ್ಚರಿಕೆಯ ಪತ್ರವೂ ಅಲ್ಲಿಗೇ ಬರಲಾರದೆ ನಿಲ್ಲುತ್ತದೆ, ಮನೆಯ ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ. ಆದ್ದರಿಂದ ಕಾಕಾ ಅವರ ಸ್ವಂತ ಜೀಮೇಲನ್ನೂ ಅವರ ಫೋನ್ ನಂಬರನ್ನೂ ಕೊಟ್ಟೆ, ನನ್ನದನ್ನಲ್ಲ. ನಾನೂ ಒಂದು ದಿನ ಹುಬ್ಬಳ್ಳಿಗೆ ಹೋದೇನು.

ಮೂರನೆಯ ಮತ್ತು ನಾಲ್ಕನೆಯ ರವಿವಾರ

ಈಗ ಸೇವೆಯ ಆಯ್ಕೆ. ಬಳಸುವವರು ಮೂವರು: ಕಾಕಾ, ಸೀರೆಯ ಫೋಟೋ ತೆಗೆದು ಕಳಿಸುವ ವೈನಿ, ಮತ್ತು ಹೊಸದಾಗಿ ಲೆಕ್ಕಕ್ಕೆ ಬಂದಿರುವವರು. ಮೂವರಲ್ಲಿ ಯಾರೂ ಕಂಪ್ಯೂಟರಿಗೆ ಪ್ರತ್ಯೇಕ ತಂತ್ರಾಂಶ ಹಾಕಿಕೊಂಡು ಕೂಡುವವರಲ್ಲ. ಬ್ರೌಸರಿನಲ್ಲಿ ತೆರೆಯಬೇಕು, ಫೋನಿನಲ್ಲಿ ಓದಬೇಕು.

ಡೊಮೇನ್ ಮಾರಿದವರು ವೆಬ್‌ಸೈಟಿನ ಜಾಗದೊಂದಿಗೆ ಇಮೇಲನ್ನೂ ಪುಕ್ಕಟೆಯಾಗಿ ಕೊಡುತ್ತೇವೆಂದರು. ಬ್ರೌಸರಿನಲ್ಲಿ ತೆರೆದಾಗ ಕಾಣುವ ಅದರ ಮುಖ ರೌಂಡ್‌ಕ್ಯೂಬ್. ಅದು ಮುಕ್ತ ತಂತ್ರಾಂಶ, ಸರಳ, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಹಿಂಜರಿಕೆ ಬೇರೆಯದಕ್ಕೆ. ಇಂಥ ಅಗ್ಗದ ಜಾಗದಲ್ಲಿ ನೂರಾರು ಜನರ ಪತ್ರಗಳು ಒಂದೇ ಸರ್ವರಿನಿಂದ ಹೊರಡುತ್ತವೆ. ಅವರಲ್ಲೊಬ್ಬ ಕಸದ ಪತ್ರ ಕಳಿಸಿ ಆ ಸರ್ವರಿನ ಹೆಸರು ಕೆಡಿಸಿದರೆ, ನಮ್ಮ ದರಪಟ್ಟಿಯೂ ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಬೀದಿಯಲ್ಲೊಬ್ಬ ಕಳಪೆ ಸೀರೆಯನ್ನು ಇಳಕಲ್ಲಿನದೆಂದು ಮಾರಿದರೆ ಏನಾಗುತ್ತದೆಂಬುದು ಕಾಕಾ ಅವರಿಗೆ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

ಉಳಿದವು ಎರಡು. ಸ್ವಂತ ಡೊಮೇನಿನ ವಿಳಾಸಕ್ಕೆ ಜೀಮೇಲ್ ಕೊಡುವ ಗೂಗಲ್ ವರ್ಕ್‌ಸ್ಪೇಸಿನ ಆರಂಭಿಕ ಯೋಜನೆಯಲ್ಲಿ ತಲಾ 30 ಜಿಬಿ ಜಾಗ ಸಿಗುತ್ತದೆ, ಮುಖ ಎಲ್ಲರಿಗೂ ಪರಿಚಿತ. ಹಿಂದೆ ಗೂಗಲ್ ಸಣ್ಣ ಸಂಸ್ಥೆಗಳಿಗೆ ಇದನ್ನು ಉಚಿತವಾಗಿ ಕೊಡುತ್ತಿತ್ತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಆ ಬಾಗಿಲು ಮುಚ್ಚಿತು. ಇನ್ನೊಂದು ಚೆನ್ನೈ ಮೂಲದ ಜೋಹೋ. ನಾನು ನೋಡಿದಾಗ ಅವರ ಉಚಿತ ಯೋಜನೆಯಲ್ಲಿ ಒಂದು ಡೊಮೇನಿಗೆ ಐದು ಜನರವರೆಗೆ ತಲಾ 5 ಜಿಬಿ ಇತ್ತು. ಆದರೆ ಬೇರೆ ತಂತ್ರಾಂಶಗಳು ಸರ್ವರಿನಿಂದ ಪತ್ರ ತೆಗೆದುಕೊಳ್ಳುವ ದಾರಿಯಾದ ಐಮ್ಯಾಪ್ ಇರಲಿಲ್ಲ, ಅಂದರೆ ಬ್ರೌಸರ್ ಅಥವಾ ಅವರದೇ ಆ್ಯಪ್‌ನಲ್ಲಿ ಮಾತ್ರ ಪತ್ರ ನೋಡಬೇಕು. ಸಾಮಾನ್ಯವಾಗಿ ಇದೊಂದು ಕೊರತೆ, ಬ್ರೌಸರಿನಲ್ಲೇ ನೋಡುವ ನಮ್ಮ ಮೂವರಿಗೆ ಅಲ್ಲ. ಆದರೆ ಐಮ್ಯಾಪ್ ಇಲ್ಲದಿದ್ದರೆ ನಾಳೆ ಪತ್ರಗಳನ್ನೆಲ್ಲ ಬೇರೆ ಕಡೆಗೆ ಸಾಗಿಸುವುದೂ ಕಷ್ಟ. ಈ ಒಂದು ಕಾರಣಕ್ಕೆ ಉಚಿತವನ್ನು ಬಿಟ್ಟು, ಅದೇ ಜೋಹೋದ ಅಗ್ಗದ ಪಾವತಿ ಯೋಜನೆಯನ್ನು ಒಂದು ವರ್ಷಕ್ಕೆ ತೆಗೆದುಕೊಂಡೆವು. ಹೊರಗೆ ಹೋಗುವ ಬಾಗಿಲಿಗಾಗಿ ಹಣ ಕೊಡುವುದು ಕಾಕಾ ಅವರಿಗೆ ವಿಚಿತ್ರವೆನಿಸಿತು. ಬೆಲೆ ಹೋಲಿಸುವಾಗ ಮರೆಯಬಾರದ ವಿಷಯವೆಂದರೆ, ಪುಟದಲ್ಲಿ ದೊಡ್ಡದಾಗಿ ಕಾಣುವ ದರ ಒಬ್ಬರಿಗೆ ಒಂದು ತಿಂಗಳಿನದು. ಕಟ್ಟುವುದು ವರ್ಷದ್ದು, ಅದರ ಮೇಲೆ 18 ಶೇಕಡಾ ಜಿಎಸ್‌ಟಿ.

ಆರ್ಡರಿಗೊಂದು, ಲೆಕ್ಕಕ್ಕೊಂದು ವಿಳಾಸ ಬೇಕೆಂದು ಐದು ಖಾತೆಗಳಿಗೆ ಹಣ ಕಟ್ಟುವವರನ್ನು ಕಂಡಿದ್ದೇನೆ. ಅವು ಖಾತೆಗಳಾಗಬೇಕಿಲ್ಲ, ಇರುವ ಖಾತೆಗೆ ಅಡ್ಡಹೆಸರಾಗಿ ಸೇರಿಸಬಹುದು. ನಾವು ಹಾಗೆಯೇ ಮಾಡಿದೆವು.

ವೈನಿಯ ಫೋಟೋಗಳು ಬೇರೆ ಲೆಕ್ಕ ಕಲಿಸಿದವು. ಗೋಮಿ ದಡಿಯ ಹತ್ತು ಸೀರೆಗಳ ಚಿತ್ರಗಳು ಸೇರಿ 22 ಎಂಬಿ ಇದ್ದವು, ಮಿತಿ 25 ಎಂಬಿ. ಆದರೂ ಪತ್ರ ತಿರುಗಿ ಬಂತು. ಪತ್ರದೊಂದಿಗೆ ಲಗತ್ತಿಸಿದ ಅಡಕವನ್ನು ಇಮೇಲಿನಲ್ಲಿ ಸಾಗಿಸುವಾಗ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯಲಾಗುತ್ತದೆ, ಹೀಗಾಗಿ ಗಾತ್ರ ಮೂರನೇ ಒಂದು ಭಾಗದಷ್ಟು ಊದಿಕೊಳ್ಳುತ್ತದೆ. 22 ಎಂಬಿ ದಾರಿಯಲ್ಲಿ 29 ದಾಟುತ್ತದೆ. 18 ಎಂಬಿಯೊಳಗೆ ಇರಲಿ, ಹೆಚ್ಚಾದರೆ ಕೊಂಡಿ (ಲಿಂಕ್) ಕಳಿಸಿ ಎಂದು ಕಂಪ್ಯೂಟರಿನ ಮೇಲೆ ಚೀಟಿ ಅಂಟಿಸಿದ್ದೇನೆ. ಈ ಕೊಂಡಿ ಬೇರೆಯದೆಂದು ಕಾಕಾ ಅವರಿಗೆ ಹೇಳಬೇಕಾಯಿತು.

ಐದನೆಯ ರವಿವಾರ

ಡೊಮೇನಿನ ದಾಖಲೆಗಳನ್ನು ಬದಲಿಸುವ ದಿನ. ಪತ್ರಗಳು ಯಾವ ಸರ್ವರಿಗೆ ಬರಬೇಕೆಂದು ಹೇಳುವವು ಎಂಎಕ್ಸ್ ದಾಖಲೆಗಳು. ಜೋಹೋ ಮೂರು ಸರ್ವರುಗಳನ್ನು 10, 20, 50 ಎಂಬ ಆದ್ಯತೆಯಲ್ಲಿ ಕೊಟ್ಟಿತ್ತು. ಚಿಕ್ಕ ಸಂಖ್ಯೆಗೆ ಮೊದಲ ಮಣೆ. ಅರ್ಧ ಗಂಟೆಯಲ್ಲಿ ಪತ್ರಗಳು ಬರತೊಡಗಿದವು, ನಾನು ಹೆಮ್ಮೆಯಿಂದ ಚಹಾ ಕುಡಿದೆ.

ಆರನೆಯ ರವಿವಾರ

ಹೆಮ್ಮೆ ಇಳಿಯಿತು. ಬರುವ ಪತ್ರಗಳು ಬರುತ್ತಿದ್ದವು. ಹೋಗುವವು ಪುಣೆಯಲ್ಲಿ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿದ್ದವು. ಈ ಡೊಮೇನಿನ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂದು ಸಾರುವುದು ಎಸ್‌ಪಿಎಫ್ ದಾಖಲೆ. ನಾನು ಜೋಹೋದ್ದನ್ನು ಸೇರಿಸಿದ್ದೆ, ಸರಿ. ಆದರೆ ಡೊಮೇನ್ ಮಾರಿದವರು ತಮ್ಮ ಸರ್ವರಿಗಾಗಿ ಮೊದಲೇ ಬರೆದಿಟ್ಟಿದ್ದ ಇನ್ನೊಂದು ದಾಖಲೆಯನ್ನು ಗಮನಿಸಿರಲಿಲ್ಲ. ಒಂದು ಡೊಮೇನಿಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡಿದ್ದರೆ ಪರೀಕ್ಷೆ ದೋಷದಲ್ಲಿ ಮುಗಿಯುತ್ತದೆ, ಎರಡೂ ಇಲ್ಲದಂತೆಯೇ. ಹಳೆಯದನ್ನು ಅಳಿಸಿದೆ. ಜೊತೆಗೆ ಡಿಕಿಮ್ ಕೂಡ ಹಾಕಿದೆ; ಇದರಲ್ಲಿ ಹೊರಡುವ ಪ್ರತಿ ಪತ್ರದ ಮೇಲೆ ಗುಪ್ತ ಕೀಲಿಯಿಂದ ಮುದ್ರೆ ಬೀಳುತ್ತದೆ, ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಡೊಮೇನಿನ ದಾಖಲೆಯಲ್ಲಿರುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ಪರೀಕ್ಷೆಗಳನ್ನು ಬಿಗಿಗೊಳಿಸಿವೆ. ದಿನಕ್ಕೆ ಐದು ಸಾವಿರ ಪತ್ರ ಕಳಿಸುವವರಿಗೆ ನಿಯಮ ಹೆಚ್ಚು ಕಠಿಣ, ಆದರೆ ದಿನಕ್ಕೆ ಐದು ಕಳಿಸುವವರಿಗೂ ಎಸ್‌ಪಿಎಫ್, ಡಿಕಿಮ್ ಎರಡರಲ್ಲೊಂದು ಬೇಕೇ ಬೇಕು.

ಏಳನೆಯ ರವಿವಾರ

ಹಳೆಯ ಖಾತೆಯಿಂದ ಹೊಸದಕ್ಕೆ ಪತ್ರಗಳು ತಾವಾಗಿ ಮುಂದಕ್ಕೆ ಹೋಗುವಂತೆ ಮಾಡಿ, ಆರು ವರ್ಷದ ಪತ್ರಗಳನ್ನು ಐಮ್ಯಾಪ್ ಮೂಲಕ ತಂದುಕೊಂಡೆ. ಎರಡು ರಾತ್ರಿ ಹಿಡಿಯಿತು. ಜಿಎಸ್‌ಟಿ ಪೋರ್ಟಲಿನಲ್ಲಿ ಸಹಿದಾರರ ಇಮೇಲ್ ಬದಲಿಸುವುದು ನಾನ್‌-ಕೋರ್ (ಮುಖ್ಯವಲ್ಲದ) ತಿದ್ದುಪಡಿಯಾದ್ದರಿಂದ ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿರಲಿಲ್ಲ, ಒಟಿಪಿಯಲ್ಲಿ ಮುಗಿಯಿತು. ಬ್ಯಾಂಕಿಗೆ ಮಾತ್ರ ಕಾಕಾ ಅವರೇ ಅರ್ಜಿ ಹಿಡಿದು ಎರಡು ಸಲ ಹೋಗಿಬಂದರು.

ಎರಡು ಹಂತದ ಪರಿಶೀಲನೆಯನ್ನು ಮೂವರಿಗೂ ಹಾಕಿ, ಫೋನ್ ಕಳೆದರೆ ಬೇಕಾಗುವ ಕೋಡುಗಳನ್ನು ಕಾಗದದ ಮೇಲೆ ಬರೆದು ಕೊಟ್ಟೆ. ಅವು ಈಗ ತಿಜೋರಿಯಲ್ಲಿ ಲಕ್ಷ್ಮಿ ಪೂಜೆಯ ಕುಂಕುಮ ಹತ್ತಿದ ಹಳೆಯ ಲೆಕ್ಕದ ಪುಸ್ತಕದೊಳಗಿವೆ.

ಎಂಟನೆಯ ರವಿವಾರ

ಪತ್ರಗಳು ಸರಿಯಾಗಿ ತಲುಪುತ್ತಿವೆ. ಈ ಪರೀಕ್ಷೆಗಳಲ್ಲಿ ಸೋತ ಪತ್ರಗಳನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆಯನ್ನು ಸದ್ಯಕ್ಕೆ ನೋಡಿ ವರದಿ ಕೊಡುವ ಹಂತದಲ್ಲಷ್ಟೇ ಇಟ್ಟಿದ್ದೇನೆ. ಒಂದು ತಿಂಗಳ ವರದಿ ಓದಿದ ಮೇಲೆ, ನಮ್ಮ ಹೆಸರಿನ ನಕಲಿ ಪತ್ರಗಳನ್ನು ಸ್ಪ್ಯಾಮಿಗೆ ತಳ್ಳುವ ಹಂತಕ್ಕೆ ಏರಿಸಬೇಕು. ಹಳೆಯ ಖಾತೆಯನ್ನು ಒಂದು ವರ್ಷದ ನಂತರ ಮುಚ್ಚುವುದೆಂದು ಬರೆದುಕೊಂಡಿದ್ದೆ, ಆ ಸಾಲನ್ನು ಇಂದು ಹೊಡೆದುಹಾಕಿದೆ. ಹಳೆಯ ವಿಳಾಸ ಅಚ್ಚಾದ ಎರಡು ಸಾವಿರ ಕೈಚೀಲಗಳು ಮಾಳಿಗೆಯ ಮೇಲಿವೆ, ಅವನ್ನು ಎಸೆಯುವ ಮಾತೇ ಇಲ್ಲವೆಂದು ಕಾಕಾ ಹೇಳಿದ್ದಾರೆ. ವೈನಿ ಹೊಸ ವಿಳಾಸದ ರಬ್ಬರ್ ಮುದ್ರೆ ಮಾಡಿಸಿ ಒಂದೊಂದಾಗಿ ಒತ್ತುತ್ತಿದ್ದಾರೆ. ಇವತ್ತಿಗೆ ಮುನ್ನೂರು ಆಗಿವೆ.