ನಾಮ ಹಾಕೋದು ಅಂದ್ರೆ

ಚೀಟಿ ದುಡ್ಡು ಎತ್ತಿಕೊಂಡು ರಾತ್ರೋರಾತ್ರಿ ಊರು ಬಿಟ್ಟವನು ‘ನಾಮ ಹಾಕಿದ’. ಜೇಬು ಕತ್ತರಿಸಿದವನಿಗೆ ಈ ಮಾತು ಒಪ್ಪುವುದಿಲ್ಲ, ಅದು ಬರೀ ಕಳ್ಳತನ. ನಾಮಕ್ಕೆ ಮೊದಲು ನಂಬಿಕೆ ಬೇಕು. ದುಡ್ಡನ್ನು ನಾವೇ ಕೈಯಾರೆ ಕೊಟ್ಟಿರಬೇಕು.

ಬಳಸುವಾಗ ಎಡವುವುದು ಇಲ್ಲಿ: ‘ನಾಮ ಹಾಕಿಕೊಂಡ’ ಎಂದರೆ ಹಣೆಗೆ ತಿರುನಾಮ ಇಟ್ಟುಕೊಂಡ ಭಕ್ತ. ಮೋಸ ಹೋದವನು ‘ನಾಮ ಹಾಕಿಸಿಕೊಂಡ’. ಆ ‘ಇಸು’ ಬಿಟ್ಟರೆ ಅರ್ಥವೇ ಕೆಟ್ಟಿತು. ಕೊಟ್ಟದ್ದು ಪೂರ್ತಿ ಮುಳುಗಿದರೆ ‘ಪಂಗನಾಮ’. ‘ಟೋಪಿ ಹಾಕಿದ’ ಹತ್ತಿರದ ನೆಂಟ. ‘ಕಿವಿ ಮೇಲೆ ಹೂವಿಟ್ಟ’ ಎನ್ನಲು ದುಡ್ಡು ಹೋಗಬೇಕಿಲ್ಲ, ಸುಳ್ಳು ನಂಬಿಸಿದರೆ ಸಾಕು.

‘ಫೋರ್ ಟ್ವೆಂಟಿ’ ಬಂದದ್ದು 1860ರ ದಂಡ ಸಂಹಿತೆಯ 420ನೇ ಕಲಮಿನಿಂದ. 2024ರ ಜುಲೈ 1ರಿಂದ ವಂಚನೆ ಹೊಸ ಸಂಹಿತೆಯ 318ಕ್ಕೆ ಹೋಗಿದೆ. ಬೈಗುಳ ಮಾತ್ರ ಹಳೇ ನಂಬರಿನಲ್ಲೇ ಓಡುತ್ತಿದೆ.